ಬಾಲ್ಸಾ ಕಿಟ್‌ನಿಂದ ಪೈಪರ್ ಕಬ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ರೇಡಿಯೊ ನಿಯಂತ್ರಿತ ಸ್ಕೇಲ್ ವಿಮಾನವನ್ನು ಕೈಯಾರೆ ಕಟ್ಟಬೇಕೆನ್ನುವವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಉತ್ತರಗಳು ಮಾತ್ರ ವಿಮಾನದಿಂದ ವಿಮಾನಕ್ಕೆ ಬದಲಾಗುತ್ತವೆ. ಹಾಗಾಗಿ ಇಲ್ಲಿ ಒಂದೇ ವಿಮಾನವನ್ನು ಹಿಡಿದು ಹೇಳಿದ್ದೇನೆ: ಅಮೆರಿಕದ ಎರಡು ಸೀಟಿನ ಚಿಕ್ಕ ವಿಮಾನ ಪೈಪರ್ ಜೆ-3 ಕಬ್, ಆರನೇ ಒಂದು ಅಳತೆ, ಬಾಲ್ಸಾ (ತೀರಾ ಹಗುರವಾದ ಮರ) ಕಿಟ್, ಎಲೆಕ್ಟ್ರಿಕ್ ಮೋಟರ್.

ಸ್ಕೇಲ್ ಮಾದರಿ ಅಂದರೆ ಏನು?

ನಿಜವಾದ ಒಂದು ವಿಮಾನದ ಎಲ್ಲ ಅಳತೆಗಳನ್ನೂ ಒಂದೇ ಪ್ರಮಾಣದಲ್ಲಿ ಕಿರಿದು ಮಾಡಿ ಕಟ್ಟಿದ್ದು. ನಿಜವಾದ ಕಬ್‌ನ ರೆಕ್ಕೆಯ ಹರವು 10.74 ಮೀಟರ್, ಉದ್ದ 6.83 ಮೀಟರ್. ಆರರಿಂದ ಭಾಗಿಸಿದರೆ ಹರವು 1.79 ಮೀಟರ್, ಉದ್ದ 1.14 ಮೀಟರ್. ಮಧ್ಯಮ ಗಾತ್ರದ ಕಾರಿನ ಹಿಂಬದಿಯಲ್ಲಿ, ರೆಕ್ಕೆ ಬಿಚ್ಚಿಟ್ಟು, ಸಲೀಸಾಗಿ ಸಾಗಿಸಬಹುದಾದ ಗಾತ್ರ ಇದು.

ಉದ್ದ ಆರನೇ ಒಂದಾದರೆ ರೆಕ್ಕೆಯ ವಿಸ್ತೀರ್ಣ ಮೂವತ್ತಾರನೇ ಒಂದು, ತೂಕ ಇನ್ನೂರ ಹದಿನಾರನೇ ಒಂದು ಆಗಬೇಕು. ನಿಜವಾದ ಕಬ್‌ನ ಖಾಲಿ ತೂಕ ಸುಮಾರು 347 ಕೆ.ಜಿ., ಪೂರ್ತಿ ಹೊರೆಯೊಂದಿಗೆ 553 ಕೆ.ಜಿ. ಈ ಲೆಕ್ಕದಲ್ಲಿ ನಮ್ಮ ಮಾದರಿ 1.6 ಕೆ.ಜಿ.ಯಿಂದ 2.56 ಕೆ.ಜಿ. ಒಳಗೆ ಇರಬೇಕು. ಈ ಎರಡು ಅಂಕಿಗಳನ್ನು ಪ್ಲಾನ್ ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಹಲವು ತೀರ್ಮಾನಗಳು ಇದರ ಮೇಲೇ ನಿಂತಿವೆ.

ಇಷ್ಟೊಂದು ವಿಮಾನಗಳಿರುವಾಗ ಕಬ್ ಯಾಕೆ?

ಅಮೆರಿಕದ ಪೆನ್ಸಿಲ್ವೇನಿಯಾದ ಲಾಕ್ ಹೇವನ್‌ನಲ್ಲಿ 1947ರವರೆಗೆ ಹತ್ತಿರ ಹತ್ತಿರ 20,000 ಕಬ್‌ಗಳು ತಯಾರಾದವು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಒಂದು ತಲೆಮಾರಿನ ಪೈಲಟ್‌ಗಳು ಹಾರಲು ಕಲಿತದ್ದೇ ಇದರಲ್ಲಿ. ಆದರೆ ನಮಗೆ ಮುಖ್ಯವಾದ ಕಾರಣ ಬೇರೆ. ಇದರ ರೆಕ್ಕೆ ಮೇಲಿದೆ, ಅಗಲ ಒಂದೇ ಸಮ, ರಿಬ್‌ಗಳೆಲ್ಲ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳು) ಹೆಚ್ಚುಕಡಿಮೆ ಒಂದೇ ಆಕಾರ. ಒಡಲು ಚಪ್ಪಟೆ ಬದಿಗಳ ಪೆಟ್ಟಿಗೆ. ನಿಜವಾದ ಕಬ್ ಕೂಡ ಉಕ್ಕಿನ ಕೊಳವೆಗಳ ಹಂದರದ ಮೇಲೆ ಬಟ್ಟೆ ಬಿಗಿದದ್ದೇ. ಹಾಗಾಗಿ ಕಡ್ಡಿ ಜೋಡಿಸಿ ಮೇಲೆ ಹೊದಿಕೆ ಎಳೆದ ನಮ್ಮ ಮಾದರಿ ಹೊರಗಿನಿಂದ ಮಾತ್ರವಲ್ಲ, ಕಟ್ಟುವ ಬಗೆಯಲ್ಲೂ ಮೂಲಕ್ಕೆ ಹತ್ತಿರ. ಎರಡನೇ ಮಹಾಯುದ್ಧದ ಬಹುತೇಕ ಫೈಟರ್‌ಗಳಲ್ಲಿ ಈ ಹೊಂದಾಣಿಕೆ ಸಿಗುವುದಿಲ್ಲ. ಲೋಹದ ಮೈಯನ್ನು ಮರದಲ್ಲಿ ಅನುಕರಿಸುತ್ತಾ ಕೂರಬೇಕಾಗುತ್ತದೆ.

ಇದೇ ನನ್ನ ಮೊದಲ ವಿಮಾನ ಆಗಬಹುದೇ?

ಕಟ್ಟುವುದಕ್ಕೆ ಆಗಬಹುದು. ಹಾರಿಸುವುದಕ್ಕೆ ಬೇಡ. ಮೊದಲು ಫೋಮ್‌ನ ಟ್ರೇನರ್ (ಕಲಿಯುವವರ ವಿಮಾನ) ಒಂದರಲ್ಲಿ ಕೈ ಪಳಗಿಸಿ, ಜೊತೆಗೆ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿ. ಕಬ್ ಸೌಮ್ಯ ವಿಮಾನ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಧಾನ ಹೌದು, ಆದರೆ ಬಾಲದಲ್ಲಿ ಚಕ್ರವಿರುವ ವಿಮಾನ. ನೆಲದ ಮೇಲೆ ಓಡುವಾಗ ಅಡ್ಡ ತಿರುಗುವ ಚಾಳಿ ಇದೆ. ಹಗಲು ಟ್ರೇನರ್ ಹಾರಿಸಿ, ಸಂಜೆ ಕಬ್ ಕಟ್ಟುವುದು ಒಳ್ಳೆಯ ಕ್ರಮ. ಮರದ ಕೆಲಸ ಮುಗಿಯುವಷ್ಟರಲ್ಲಿ ಬೆರಳುಗಳೂ ತಯಾರಾಗಿರುತ್ತವೆ.

ಕಿಟ್ ಪೆಟ್ಟಿಗೆಯಲ್ಲಿ ಏನೇನಿರುತ್ತದೆ?

ಪೂರ್ಣ ಗಾತ್ರದ ಪ್ಲಾನ್, ಲೇಸರ್‌ನಲ್ಲಿ ಕತ್ತರಿಸಿದ ರಿಬ್ ಮತ್ತು ಫಾರ್ಮರ್‌ಗಳು (ಒಡಲಿನ ಅಡ್ಡ ಚೌಕಟ್ಟುಗಳು), ಬಾಲ್ಸಾ ಕಡ್ಡಿಗಳು, ಲೈಟ್ ಪ್ಲೈ (ಹಗುರ ಪ್ಲೈವುಡ್) ತುಂಡುಗಳು, ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಸ್ಪ್ರೂಸ್ ಅಥವಾ ಬಾಸ್‌ವುಡ್ ಮರ, ಲ್ಯಾಂಡಿಂಗ್ ಗೇರ್‌ನ ತಂತಿ, ಕೆಲವೊಮ್ಮೆ ಪ್ಲಾಸ್ಟಿಕ್ ಕೌಲ್ (ಮೂಗಿನ ಮುಚ್ಚಳ). ಮೋಟರ್, ಬ್ಯಾಟರಿ, ಸರ್ವೊ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟರ್), ರಿಸೀವರ್, ಹೊದಿಕೆಯ ಫಿಲ್ಮ್, ಅಂಟು ಇವೆಲ್ಲ ಬೇರೆ ಕೊಳ್ಳಬೇಕು.

‘ಶಾರ್ಟ್ ಕಿಟ್’ ಎಂದಿದ್ದರೆ ಕತ್ತರಿಸಿದ ತುಂಡುಗಳು ಮತ್ತು ಪ್ಲಾನ್ ಮಾತ್ರ. ಕಡ್ಡಿ, ಹಾಳೆಗಳನ್ನು ನೀವೇ ತರಬೇಕು. ‘ಎಆರ್‌ಎಫ್’ ಎಂದಿದ್ದರೆ ಕಟ್ಟಿ, ಹೊದಿಸಿ, ಜೋಡಿಸುವುದಕ್ಕಷ್ಟೇ ಬಾಕಿ ಇರುವ ವಿಮಾನ. ಅದು ಬೇರೆಯೇ ಹವ್ಯಾಸ. ನನಗೆ ಶಾರ್ಟ್ ಕಿಟ್ ಇಷ್ಟ, ಯಾಕೆಂದರೆ ಬಾಲ್ಸಾವನ್ನು ಒಂದೊಂದಾಗಿ ಆರಿಸಿಕೊಳ್ಳುವ ಅವಕಾಶ ಸಿಗುತ್ತದೆ.

ಹೊರದೇಶದಿಂದ ತರಿಸಬಹುದೇ?

ನಮ್ಮ ವಿಮಾನಕ್ಕೂ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಡ್ರೋನ್‌ಗಳ ಆಮದನ್ನು, ಪೂರ್ಣ ಜೋಡಿಸಿದ್ದಾಗಲಿ ಬಿಡಿ ರೂಪದ್ದಾಗಲಿ, ನಿಷೇಧಿಸಿತು. ಬಿಡಿಭಾಗಗಳಿಗೆ ಆ ನಿಷೇಧ ಇಲ್ಲ. ಆದರೂ ದೊಡ್ಡ ಪೆಟ್ಟಿಗೆಗೆ ಸಾಗಣೆ ಮತ್ತು ಸುಂಕ ಸೇರಿ ಬೆಲೆ ಏರುತ್ತದೆ, ಕಸ್ಟಮ್ಸ್‌ನಲ್ಲಿ ವಿವರಣೆ ಕೊಡುತ್ತಾ ದಿನ ಕಳೆಯಬೇಕಾಗಬಹುದು. ದೇಶದೊಳಗೇ ಲೇಸರ್ ಕಟ್ ಮಾಡಿಕೊಡುವವರಿಂದ ಕೊಂಡರೆ ಮನಸ್ಸಿಗೆ ನೆಮ್ಮದಿ. ಟ್ರಾನ್ಸ್‌ಮಿಟರನ್ನೂ (ಕೈಯಲ್ಲಿ ಹಿಡಿಯುವ ರಿಮೋಟ್) ಇಲ್ಲಿನ ಅಂಗಡಿಯಲ್ಲೇ, ಬಿಲ್ ಸಮೇತ ಕೊಳ್ಳಿ. ಹಣ ಹೂಡಬೇಕಾದ ಜಾಗವೂ ಅದೇ: ವಿಮಾನಗಳು ಬದಲಾಗುತ್ತವೆ, ಒಳ್ಳೆಯ ಟ್ರಾನ್ಸ್‌ಮಿಟರ್ ಅವೆಲ್ಲಕ್ಕೂ ಆಗುತ್ತದೆ.

ಯಾವ ಸಲಕರಣೆ ಬೇಕು?

ಮೊದಲು ಬೇಕಾದ್ದು ಸಮತಟ್ಟಾದ ಹಲಗೆ. ರೆಕ್ಕೆ ಹಿಡಿಸುವಷ್ಟು ಉದ್ದದ, ಬಾಗದ ಹಲಗೆಯ ಮೇಲೆ ನೋಟಿಸ್ ಬೋರ್ಡ್‌ಗೆ ಬಳಸುವ ಸಾಫ್ಟ್ ಬೋರ್ಡ್ ಹಾಸಿ; ಗುಂಡುಸೂಜಿ ಚುಚ್ಚಿದರೆ ನಿಲ್ಲಬೇಕು. ಬೋರ್ಡ್ ಮೇಲೆ ಪ್ಲಾನ್, ಪ್ಲಾನ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ, ಇಲ್ಲವಾದರೆ ರೆಕ್ಕೆ ಪ್ಲಾನ್‌ಗೇ ಅಂಟುತ್ತದೆ. ಹೊಸ ಬ್ಲೇಡಿನ ಚಾಕು, ಸ್ಟೀಲ್ ಸ್ಕೇಲು, ಮೂಲೆಮಟ್ಟ, ಚಿಕ್ಕ ಗರಗಸ, ಮರದ ತುಂಡಿಗೆ ಅಂಟಿಸಿದ ಉಪ್ಪುಕಾಗದ, ಒಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಇಷ್ಟು ಸಾಕು. ಯಂತ್ರಗಳು ಬೇಡ.

ಯಾವ ಅಂಟು ಎಲ್ಲಿಗೆ?

ಬಾಲ್ಸಾಗೆ ಬಾಲ್ಸಾ ಜೋಡಿಸಲು ತೆಳು ಸಿಎ ಅಂಟು, ಅಂದರೆ ಫೆವಿಕ್ವಿಕ್ ಜಾತಿಯದ್ದು, ಸಂದಿನೊಳಗೆ ತಾನೇ ಇಳಿದು ಕ್ಷಣದಲ್ಲಿ ಹಿಡಿಯುತ್ತದೆ. ಆದರೆ ಜೋಡಣೆ ಮೊದಲೇ ಬಿಗಿಯಾಗಿ ಕೂತಿರಬೇಕು. ಸಂದು ಬಿಟ್ಟಿದ್ದರೆ ಅದು ತುಂಬುವುದಿಲ್ಲ. ಹೊಗೆ ಕಣ್ಣು, ಮೂಗಿಗೆ ಕೆಟ್ಟದ್ದು, ಕಿಟಕಿ ತೆರೆದಿಡಿ.

ನಿಧಾನವಾಗಿ ಸರಿಹೊಂದಿಸಬೇಕಾದ ಕಡೆಗೆ ಮರದ ಬಿಳಿ ಅಂಟು. ಫೆವಿಕಾಲ್ ಹಿಡಿತದಲ್ಲಿ ಕಡಿಮೆಯೇನಲ್ಲ, ಆದರೆ ಒಣಗಿದ ಮೇಲೆ ಉಪ್ಪುಕಾಗದಕ್ಕೆ ರಬ್ಬರಿನಂತೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಹೊರಮೈಯಲ್ಲಿ ಉಳಿಯದಂತೆ ಒದ್ದೆಯಿರುವಾಗಲೇ ಒರೆಸಿ. ಮೋಟರ್ ಕೂರುವ ಫೈರ್‌ವಾಲ್, ಲ್ಯಾಂಡಿಂಗ್ ಗೇರ್‌ನ ಹಲಗೆ, ರೆಕ್ಕೆಗಳು ಸೇರುವ ಜಾಗ ಈ ಮೂರಕ್ಕೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ (ಇಪಾಕ್ಸಿ ಅಂಟು) ಬಿಟ್ಟು ಬೇರೆ ಬಳಸಬೇಡಿ. ಐದು ನಿಮಿಷದ ಇಪಾಕ್ಸಿ ಅವಸರಕ್ಕೆ ಸರಿ, ಬಲಕ್ಕೆ ಅಲ್ಲ.

ಲೇಸರ್ ಸುಟ್ಟ ಕಪ್ಪು ಅಂಚನ್ನು ಅಂಟಿಸುವ ಮೊದಲು ಒಮ್ಮೆ ಉಜ್ಜಿ. ಕರಿ ಉಳಿದರೆ ಅಂಟು ಮರಕ್ಕೆ ಸರಿಯಾಗಿ ಹಿಡಿಯುವುದಿಲ್ಲ.

ತೂಕದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ?

ಕೆಡಿಸಿಕೊಳ್ಳಲೇಬೇಕು. ಕಟ್ಟುವ ಕೆಲಸದಲ್ಲಿ ನೇರವಾಗಿರುವುದು, ಹಗುರವಾಗಿರುವುದು ಈ ಎರಡನ್ನು ಬಿಟ್ಟರೆ ಉಳಿದದ್ದೆಲ್ಲ ಸಣ್ಣ ವಿಷಯ ಎಂದೇ ನನ್ನ ನಂಬಿಕೆ.

ನಮ್ಮ ಕಬ್‌ನ ರೆಕ್ಕೆಯ ವಿಸ್ತೀರ್ಣ ಸುಮಾರು 46 ಚದರ ಡೆಸಿಮೀಟರ್. ವಿಮಾನ 1.9 ಕೆ.ಜಿ. ಇದ್ದರೆ ಪ್ರತಿ ಚದರ ಡೆಸಿಮೀಟರ್‌ಗೆ 41 ಗ್ರಾಂ ಹೊರೆ. ಆಗ ಅದು ಜನ ಓಡುವ ವೇಗಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಇಳಿಯುತ್ತದೆ, ನಿಜವಾದ ಕಬ್‌ನ ಗಾಂಭೀರ್ಯದಲ್ಲೇ ತಿರುಗುತ್ತದೆ. ಅದೇ ವಿಮಾನ 2.8 ಕೆ.ಜಿ. ಆದರೆ 61 ಗ್ರಾಂ ಹೊರೆ. ಆಕಾರ ಎಷ್ಟೇ ಸರಿಯಿದ್ದರೂ ಸರಕ್ಕನೆ ಹಾದುಹೋಗುವ ಆಟಿಕೆಯಂತೆ ಕಾಣುತ್ತದೆ. ಸ್ಕೇಲ್ ಎನ್ನುವುದು ವೇಗದಲ್ಲೂ ಇರಬೇಕು. ನಿಜವಾದ ಕಬ್ ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ಸಾಗುತ್ತಿತ್ತು. ಆರನೇ ಒಂದು ಅಳತೆಯ ಮಾದರಿ ಕಣ್ಣಿಗೆ ಸಹಜವಾಗಿ ಕಾಣಬೇಕಾದರೆ ವೇಗವನ್ನು ಆರರ ವರ್ಗಮೂಲದಿಂದ ಭಾಗಿಸಬೇಕು: ಗಂಟೆಗೆ 49 ಕಿ.ಮೀ.

ಉಳಿಸುವುದು ಎಲ್ಲಿ? ಬಾಲದಲ್ಲಿ. ಕಬ್‌ನ ಮೂಗು ಗಿಡ್ಡ, ಬಾಲ ಉದ್ದ. ಗುರುತ್ವ ಕೇಂದ್ರದಿಂದ ಬಾಲದ ತುದಿ ಸುಮಾರು 80 ಸೆಂ.ಮೀ. ಹಿಂದಿದೆ, ಮೂಗಿನಲ್ಲಿ ಸೀಸ ಇಡಬಹುದಾದ ಜಾಗ ಹೆಚ್ಚೆಂದರೆ 20–25 ಸೆಂ.ಮೀ. ಮುಂದಿದೆ. ಬಾಲದಲ್ಲಿ 10 ಗ್ರಾಂ ಹೆಚ್ಚಾದರೆ ಮೂಗಿನಲ್ಲಿ 35–40 ಗ್ರಾಂ ಸೀಸ ತುಂಬಬೇಕು. ಅಂದರೆ ಆ ಹತ್ತು ಗ್ರಾಂ ನಿಜದಲ್ಲಿ ಐವತ್ತು ಗ್ರಾಂ. ಆದ್ದರಿಂದ ಕಿಟ್‌ನ ಬಾಲ್ಸಾವನ್ನೆಲ್ಲ ಮೊದಲು ತೂಗಿ ವಿಂಗಡಿಸಿ. ಒಂದೇ ಅಳತೆಯ ಎರಡು ಹಾಳೆಗಳ ತೂಕದಲ್ಲಿ ಒಂದಕ್ಕೆ ಎರಡರಷ್ಟು ವ್ಯತ್ಯಾಸ ಇರುವುದುಂಟು. ಹಗುರವಾದದ್ದು ಬಾಲಕ್ಕೆ ಮತ್ತು ರೆಕ್ಕೆಯ ತುದಿಗೆ, ಗಟ್ಟಿಯಾದದ್ದು ಸ್ಪಾರ್ ಮತ್ತು ಒಡಲಿನ ಮುಂಭಾಗಕ್ಕೆ.

ಎರಡು ಕೆ.ಜಿ. ಒಳಗೆ ಇರಬೇಕೆನ್ನುವುದಕ್ಕೆ ಕಾನೂನಿನ ಕಾರಣವೂ ಒಂದಿದೆ; ಕೆಳಗೆ ಹೇಳುತ್ತೇನೆ.

ರೆಕ್ಕೆ ತಿರುಚಿಕೊಳ್ಳದಂತೆ ಕಟ್ಟುವುದು ಹೇಗೆ?

ಪ್ಲಾನ್ ಮೇಲೆ ಕೆಳಗಿನ ಸ್ಪಾರ್ ಇಟ್ಟು ಗುಂಡುಸೂಜಿಯಿಂದ ಎರಡೂ ಬದಿ ಬಂಧಿಸಿ. ಸ್ಪಾರ್‌ಗೇ ಚುಚ್ಚಬೇಡಿ, ಅಲ್ಲಿಂದಲೇ ಬಿರುಕು ಹೊರಡುತ್ತದೆ. ರಿಬ್‌ಗಳನ್ನು ಮೂಲೆಮಟ್ಟ ಹಿಡಿದು ನಿಲ್ಲಿಸಿ, ಮೇಲಿನ ಸ್ಪಾರ್, ಮುಂದಿನ ಅಂಚು, ಹಿಂದಿನ ಅಂಚು ಕೂರಿಸಿ, ಎಲ್ಲ ಒಂದಕ್ಕೊಂದು ಹೊಂದಿದ ಮೇಲೆ ಮಾತ್ರ ಅಂಟು. ಎರಡು ಸ್ಪಾರ್‌ಗಳ ನಡುವೆ ನಿಲ್ಲುವ ವೆಬ್ ಹಾಳೆಗಳನ್ನು ನಾರು ಮೇಲೆ-ಕೆಳಗೆ ಬರುವಂತೆ ಇಡಬೇಕು. ರೆಕ್ಕೆಯ ಬಲ ಬಹುಪಾಲು ಬರುವುದು ಇಲ್ಲಿಂದ. ಮುಂದಿನ ಅಂಚಿಗೆ ಬಾಲ್ಸಾ ಹಾಳೆ ಹೊದಿಸುವವರೆಗೂ ರೆಕ್ಕೆಯನ್ನು ಹಲಗೆಯಿಂದ ಎತ್ತಬೇಡಿ. ಹಾಳೆ ಹತ್ತಿದ ಮೇಲೆ ಅದು ಕೊಳವೆಯಾಗುತ್ತದೆ, ಆಗ ಇದ್ದ ಆಕಾರವೇ ಕಾಯಂ.

ಒಂದು ತಿರುಚು ಮಾತ್ರ ಬೇಕೆಂದೇ ಇಡುತ್ತೇವೆ. ರೆಕ್ಕೆಯ ತುದಿಯಲ್ಲಿ ಹಿಂದಿನ ಅಂಚನ್ನು ಸುಮಾರು 9 ಮಿ.ಮೀ. ಮೇಲೆತ್ತಿ ಕಟ್ಟಿದರೆ, ನಮ್ಮ 267 ಮಿ.ಮೀ. ಅಗಲಕ್ಕೆ ಅದು ಎರಡು ಡಿಗ್ರಿ. ಇದಕ್ಕೆ ವಾಷ್‌ಔಟ್ ಎನ್ನುತ್ತಾರೆ. ವೇಗ ತೀರಾ ಇಳಿದಾಗ ರೆಕ್ಕೆಯ ಬುಡ ಮೊದಲು ಸ್ಟಾಲ್ ಆಗಲಿ (ಎತ್ತುವ ಬಲ ಕಳೆದುಕೊಳ್ಳಲಿ), ತುದಿ ಇನ್ನೂ ಎತ್ತುತ್ತಿರಲಿ ಎಂಬುದು ಉದ್ದೇಶ. ಇಲ್ಲದಿದ್ದರೆ ಇಳಿಯುವ ಹೊತ್ತಿಗೆ ಒಂದು ಬದಿ ತಟ್ಟನೆ ಬೀಳುತ್ತದೆ. ಎರಡೂ ರೆಕ್ಕೆಗಳಲ್ಲಿ ಸಮವಾಗಿರಲಿ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆದರೆ ವಾಷ್‌ಔಟ್ ಇಲ್ಲದಿರುವುದಕ್ಕಿಂತ ಅಪಾಯ.

ಮೋಟರ್, ಬ್ಯಾಟರಿ ಎಷ್ಟರದ್ದು?

ಒಂದು ಕೆ.ಜಿ.ಗೆ 200 ವ್ಯಾಟ್ ಹಿಡಿದರೆ ಕಬ್‌ಗೆ ಧಾರಾಳ. ಅಂದರೆ 380–400 ವ್ಯಾಟ್. ನಾಲ್ಕು ಸೆಲ್‌ನ 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್ ಬ್ಯಾಟರಿ), 800 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ 800 ಸುತ್ತು) ಆಸುಪಾಸಿನ ಬ್ರಷ್‌ಲೆಸ್ ಮೋಟರ್, 11 ಅಥವಾ 12 ಇಂಚಿನ ಪ್ರೊಪೆಲ್ಲರ್, 50 ಆಂಪಿಯರ್‌ನ ಇಎಸ್‌ಸಿ (ಮೋಟರ್‌ನ ವೇಗ ನಿಯಂತ್ರಕ). ಹಿತಮಿತವಾಗಿ ಹಾರಿಸಿದರೆ ಎಂಟು ನಿಮಿಷ ಸಿಗುತ್ತದೆ. ದೊಡ್ಡ ಮೋಟರ್ ಹಾಕುವ ಆಸೆ ಬೇಡ. ನಿಜವಾದ ಕಬ್‌ಗೆ ಇದ್ದದ್ದು 65 ಅಶ್ವಶಕ್ತಿಯ ಎಂಜಿನ್. ಅದು ನೆಟ್ಟಗೆ ಮೇಲೇರುತ್ತಿರಲಿಲ್ಲ.

ಮೋಟರನ್ನು ಎರಡು-ಮೂರು ಡಿಗ್ರಿ ಕೆಳಮುಖವಾಗಿ, ಎರಡು ಡಿಗ್ರಿ ಬಲಕ್ಕೆ ವಾಲಿಸಿ ಕೂರಿಸಿ. ತಳ ಚಪ್ಪಟೆಯಿರುವ ಈ ರೆಕ್ಕೆ ಥ್ರಾಟಲ್ (ಮೋಟರ್‌ಗೆ ವೇಗ) ಕೊಟ್ಟ ಕೂಡಲೇ ಮೇಲಕ್ಕೇಳಲು ನೋಡುತ್ತದೆ.

ಸರ್ವೊಗಳ ಬಗ್ಗೆ?

ನಾಲ್ಕು ಸಾಕು, ಲೋಹದ ಗೇರ್ ಇರುವ ಚಿಕ್ಕವು. ಕಡ್ಡಿ, ಕೊಂಡಿಗಳಲ್ಲಿ ಸಡಿಲ ಇರಕೂಡದು. ಏಲರಾನ್ (ರೆಕ್ಕೆಯ ಹಿಂದಿನ ಅಂಚಿನ ಅಲುಗುವ ಪಟ್ಟಿ) ಮೇಲಕ್ಕೆ ಹೋಗುವಷ್ಟು ಕೆಳಕ್ಕೆ ಹೋಗಬಾರದು. ಎರಡಕ್ಕೆ ಒಂದರ ಅನುಪಾತ ಇಡಿ. ಕಾರಣ ಹಾರಾಟದ ಉತ್ತರದಲ್ಲಿದೆ.

ಹೊದಿಕೆ ಸುಕ್ಕಾಗುತ್ತದೆ, ಏನು ಮಾಡಲಿ?

ಮೊದಲು ಮರ ನುಣುಪಾಗಿರಬೇಕು. ಉಜ್ಜಿ, ದೂಳು ಪೂರ್ತಿ ಒರೆಸಿ. ಫಿಲ್ಮನ್ನು ಅಂಚುಗಳಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಟಿಸಿ, ಸುತ್ತಲೂ ಹಿಡಿದ ಮೇಲೆ 150 ಡಿಗ್ರಿ ಆಸುಪಾಸಿನಲ್ಲಿ ನಡುಭಾಗ ಬಿಗಿಮಾಡಿ. ಕಂಪನಿಯಿಂದ ಕಂಪನಿಗೆ ಈ ಅಂಕಿ ಬೇರೆಯಾಗುತ್ತದೆ, ಸುರುಳಿಯ ಮೇಲಿನ ಸೂಚನೆ ಓದಿ. ಬಟ್ಟೆ ಇಸ್ತ್ರಿ ಮಾಡುವ ದೊಡ್ಡ ಪೆಟ್ಟಿಗೆಯಲ್ಲಿ ಮೂಲೆಗಳು ಸಿಗುವುದಿಲ್ಲ. ಚಿಕ್ಕ ಕವರಿಂಗ್ ಐರನ್ ಕೊಳ್ಳುವುದು ದುಂದುಗಾರಿಕೆಯಲ್ಲ. ಬಾಲದ ಎರಡೂ ಮೈಗಳನ್ನು ಸ್ವಲ್ಪ ಸ್ವಲ್ಪವಾಗಿ ಅದಲುಬದಲು ಬಿಗಿ ಮಾಡಿ. ಒಂದೇ ಬದಿಯನ್ನು ಪೂರ್ತಿ ಎಳೆದರೆ ಬಾಲ ಬಾಳೆಕಾಯಿಯಂತೆ ಬಾಗುತ್ತದೆ.

ನೇಯ್ಗೆ ಕಾಣುವ ಬಟ್ಟೆಯಂಥ ಹೊದಿಕೆ ಕಬ್‌ಗೆ ಚೆಂದ ಒಪ್ಪುತ್ತದೆ, ಆದರೆ ಫಿಲ್ಮ್‌ಗಿಂತ ತೂಕ ಹೆಚ್ಚು. ಈ ಗಾತ್ರಕ್ಕೆ ನಾನು ಫಿಲ್ಮನ್ನೇ ಸೂಚಿಸುತ್ತೇನೆ.

ಕಬ್ ಕಬ್‌ನಂತೆ ಕಾಣಲು ಏನೇನು ಬೇಕು?

ಹಳದಿ ಬಣ್ಣ, ಒಡಲಿನ ಉದ್ದಕ್ಕೂ ಕಪ್ಪು ಮಿಂಚಿನ ಪಟ್ಟಿ ಎಲ್ಲರಿಗೂ ಗೊತ್ತು. ನೋಡಿದವರು ‘ಆಹಾ’ ಅನ್ನುವುದು ಬೇರೆ ವಿವರಗಳಿಗೆ. ಮೂಗಿನ ಎರಡೂ ಬದಿ ಹೊರಚಾಚಿದ ನಾಲ್ಕು ಸಿಲಿಂಡರ್‌ಗಳು. ಗಾಜಿನ ಮುಂದೆ ನೆಟ್ಟಗೆ ನಿಂತ ಒಂದು ತಂತಿ: ಅದೇ ಪೆಟ್ರೋಲ್ ಮಾಪಕ. ಟ್ಯಾಂಕಿನೊಳಗೆ ಬೆಂಡು ತೇಲುತ್ತದೆ, ಪೆಟ್ರೋಲ್ ಇಳಿದಂತೆ ತಂತಿಯೂ ಇಳಿಯುತ್ತದೆ. ಬಲಬದಿಯಲ್ಲಿ ಅಡ್ಡಕ್ಕೆ ಎರಡಾಗಿ ತೆರೆಯುವ ಬಾಗಿಲು. ಅದನ್ನು ತೆರೆದಿಟ್ಟೇ ಹಾರುತ್ತಿದ್ದರು. ಪೈಲಟ್ ಗೊಂಬೆಯನ್ನು ಮುಂದಿನ ಸೀಟಿನಲ್ಲಿ ಕೂರಿಸುವವರೇ ಹೆಚ್ಚು. ಒಬ್ಬರೇ ಹಾರಿಸುವಾಗ ಕಬ್‌ನಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಕು, ತೂಕದ ಸಮತೋಲ ಹಾಗಿದ್ದರೇ ಸರಿ. ಗೊಂಬೆ ಹಗುರವಾದ ಫೋಮ್‌ನದ್ದಾಗಿರಲಿ.

ಹಸಿರು ಸೈನಿಕ ಬಣ್ಣ ಬೇಕಿದ್ದರೆ ಕಬ್‌ನ ಸೇನಾ ರೂಪವಾದ ಎಲ್-4 ಮಾಡಿ. ಆದರೆ ಅದರಲ್ಲಿ ಹಿಂಬದಿಯ ಗಾಜು ರೆಕ್ಕೆಯ ಹಿಂದಿನವರೆಗೂ ಚಾಚಿದೆ. ಬರೀ ಬಣ್ಣ ಬದಲಿಸಿದರೆ ಆಗದು.

ಗುರುತ್ವ ಕೇಂದ್ರ ಎಲ್ಲಿರಬೇಕು?

ರೆಕ್ಕೆಯ ಮುಂದಿನ ಅಂಚಿನಿಂದ 75–80 ಮಿ.ಮೀ. ಹಿಂದೆ, ಬ್ಯಾಟರಿ ಸಮೇತ ತೂಗಿದಾಗ. ಕಿಟ್‌ನ ಪ್ಲಾನ್ ಬೇರೆ ಹೇಳಿದರೆ ಪ್ಲಾನ್ ಮಾತೇ ಸರಿ. ಮೊದಲು ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ನೋಡಿ, ಸೀಸ ಕೊನೆಯ ಉಪಾಯ.

ಎಲ್ಲಿ ಹಾರಿಸಬಹುದು? ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 2021ರ ಡ್ರೋನ್ ನಿಯಮಗಳು ಇದಕ್ಕೂ ಅನ್ವಯಿಸುತ್ತವೆ. 25 ಕೆ.ಜಿ. ಮೀರದ, ಕಣ್ಣಳತೆಯಲ್ಲೇ ಹಾರಿಸುವ, ಕಲಿಕೆ, ಸಂಶೋಧನೆ ಅಥವಾ ಮನರಂಜನೆಗಷ್ಟೇ ಬಳಸುವ ವಿಮಾನಗಳನ್ನು ಅವು ‘ಮಾದರಿ’ ಎಂದು ಗುರುತಿಸುತ್ತವೆ. ಇವಕ್ಕೆ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಸರ್ಕಾರದ ಒಪ್ಪಿಗೆಪತ್ರ) ಬೇಡ. 250 ಗ್ರಾಂಗಿಂತ ಹೆಚ್ಚು, ಎರಡು ಕೆ.ಜಿ. ಮೀರದ ವರ್ಗದಲ್ಲಿ, ವಾಣಿಜ್ಯ ಉದ್ದೇಶವಿಲ್ಲದಿದ್ದರೆ, ರಿಮೋಟ್ ಪೈಲಟ್ ಅರ್ಹತಾಪತ್ರವೂ ಬೇಡ. 1.9 ಕೆ.ಜಿ.ಯ ಕಬ್‌ನ ಮೇಲೆ ನಾನು ಹಟ ಹಿಡಿದಿರುವುದಕ್ಕೆ ಇದು ಇನ್ನೊಂದು ಕಾರಣ. ನೋಂದಣಿಯ ವಿಷಯದಲ್ಲಿ ಡಿಜಿಸಿಎಯ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಈಗಿನ ಸೂಚನೆಯನ್ನು ನೋಡಿಯೇ ಮುಂದುವರಿಯಿರಿ.

ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯವಾದರೆ 400 ಅಡಿವರೆಗೆ ಮುಂಗಡ ಅನುಮತಿ ಬೇಕಿಲ್ಲ. ಬೆಂಗಳೂರಿನವರಿಗೆ ಇದು ಸುಲಭವಲ್ಲ: ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ವಿಮಾನ ನೆಲೆಗಳೆಲ್ಲ ಸುತ್ತಮುತ್ತ ಇವೆ. ನಗರದ ಆಟದ ಮೈದಾನ ಖಾಲಿಯಿದೆ ಎಂದು ಹಾರಿಸಬೇಡಿ. ಊರಿನಿಂದ ದೂರ, ನಕ್ಷೆ ನೋಡಿ, ಜಮೀನಿನ ಯಜಮಾನರನ್ನು ಕೇಳಿ. ರಾಗಿ ಕೊಯ್ದ ಹೊಲದ ಕೂಳೆಯಲ್ಲಿ ಚಿಕ್ಕ ಚಕ್ರ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳ ಒಳ್ಳೆಯ ರನ್‌ವೇ. ದನ ಮೇಯಿಸುವವರು, ಮಕ್ಕಳು ಬಂದರೆ ಇಳಿಸಿಬಿಡಿ. ಹದ್ದುಗಳು ಸುತ್ತುತ್ತಿದ್ದರೂ ಅಷ್ಟೇ.

ಮೊದಲ ಹಾರಾಟ ಹೇಗೆ?

ಬೆಳಗಿನ ಹೊತ್ತು, ಗಾಳಿ ಏಳುವ ಮುನ್ನ. ಆಷಾಢದಲ್ಲಂತೂ ಬೇಡವೇ ಬೇಡ. ಇಷ್ಟು ಹಗುರದ ವಿಮಾನಕ್ಕೆ ಬಯಲುಸೀಮೆಯ ಆ ಗಾಳಿ ತಡೆಯದು. ಟ್ರಾನ್ಸ್‌ಮಿಟರನ್ನು ರೇಂಜ್ ಚೆಕ್‌ಗೆ ಹಾಕಿ ಮೂವತ್ತು ಹೆಜ್ಜೆ ದೂರ ಹೋಗಿ ಎಲ್ಲ ಸರ್ವೊಗಳೂ ಓಗೊಡುತ್ತವೆಯೇ ನೋಡಿ. ಸಿಗ್ನಲ್ ತಪ್ಪಿದರೆ ಮೋಟರ್ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ. ಟ್ರಾನ್ಸ್‌ಮಿಟರ್‌ನ ಕಡ್ಡಿ ಬಲಕ್ಕೆ ಒತ್ತಿದಾಗ ಬಲಗಡೆಯ ಏಲರಾನ್ ಮೇಲೇಳಬೇಕು. ಇದನ್ನು ವಿಮಾನದ ಹಿಂದೆ ನಿಂತು, ಬಾಯಿಬಿಟ್ಟು ಹೇಳಿಕೊಂಡೇ ನೋಡಿ. ಬ್ಯಾಟರಿ ಜೋಡಿಸಿದ ಕ್ಷಣದಿಂದ ಪ್ರೊಪೆಲ್ಲರ್ ಮುಂದೆ ಕೈ, ಮುಖ ತರಬೇಡಿ.

ಥ್ರಾಟಲ್ ನಿಧಾನವಾಗಿ ಏರಿಸಿ. ಮೂಗು ಎಡಕ್ಕೆಳೆಯುತ್ತದೆ, ಬಲ ರಡ್ಡರ್‌ನಿಂದ (ಬಾಲದಲ್ಲಿ ನೆಟ್ಟಗೆ ನಿಂತ ಅಲುಗುವ ಪಟ್ಟಿ) ಹಿಡಿಯಿರಿ. ಓಟದ ಮೊದಲಲ್ಲಿ ಎಲಿವೇಟರ್ (ಬಾಲದ ಅಡ್ಡ ಪಟ್ಟಿ) ತುಸು ಮೇಲಿರಲಿ, ವೇಗ ಬಂದಂತೆ ಸಡಿಲಿಸಿ, ಬಾಲ ತಾನೇ ಏಳುತ್ತದೆ. ಎಳೆದು ಎಬ್ಬಿಸುವ ಅವಸರ ಬೇಡ.

ತಿರುಗಿಸುವುದರಲ್ಲಿ ಕಬ್‌ನ ಸ್ವಭಾವವೇ ಬೇರೆ. ಬಲಕ್ಕೆ ವಾಲಿಸಿದಾಗ ಎಡಗಡೆಯ ಏಲರಾನ್ ಕೆಳಗಿಳಿದು ಆ ಬದಿಯಲ್ಲಿ ಗಾಳಿಯ ಎಳೆತ ಹೆಚ್ಚುತ್ತದೆ, ಮೂಗು ಎಡಕ್ಕೇ ಹೋಗುತ್ತದೆ. ಉದ್ದ ರೆಕ್ಕೆಯಲ್ಲಿ ಇದು ಎದ್ದು ಕಾಣುತ್ತದೆ. ಆಗಲೇ ಹೇಳಿದ ಎರಡಕ್ಕೆ ಒಂದರ ಅನುಪಾತ ಇದನ್ನು ಕಡಿಮೆ ಮಾಡುತ್ತದೆ, ಪೂರ್ತಿ ಅಳಿಸುವುದಿಲ್ಲ. ಏಲರಾನ್ ಜೊತೆಗೆ ರಡ್ಡರನ್ನೂ ಕೊಡಬೇಕು. ಇವೆರಡನ್ನೂ ಟ್ರಾನ್ಸ್‌ಮಿಟರ್‌ನಲ್ಲೇ ಬೆಸೆದುಬಿಡುವ ಸೌಲಭ್ಯವಿದೆ, ನಾನು ಅದನ್ನು ಬಳಸಬೇಡಿ ಎನ್ನುತ್ತೇನೆ. ಎಡಗೈ ರಡ್ಡರ್ ಕಲಿತರೆ ಕಬ್ ಹಾರಿಸುವ ಸುಖವೇ ಬೇರೆ.

ಇಳಿಸುವಾಗ ಮೋಟರ್ ಪೂರ್ತಿ ನಿಲ್ಲಿಸದೆ ತುಸು ಓಡುತ್ತಿರಲಿ, ಇಳಿಜಾರು ಉದ್ದವಾಗಿರಲಿ. ನೆಲ ಮುಟ್ಟಿದ ಮೇಲೂ ನಿಲ್ಲುವವರೆಗೆ ರಡ್ಡರ್ ಬಿಡಬೇಡಿ.

ಮಳೆಗಾಲ, ಬಿಸಿಲಿನಲ್ಲಿ ಹೇಗೆ ಕಾಪಾಡುವುದು?

ಕರಾವಳಿಯ ತೇವಕ್ಕೆ ಬಾಲ್ಸಾ ಉಬ್ಬುತ್ತದೆ, ಹೊದಿಕೆ ಸಡಿಲವಾಗುತ್ತದೆ. ತಗಡಿನ ಮಾಡಿನ ಕೆಳಗೆ, ಗೋಡೆಗೆ ಒರಗಿಸಿ ಇಡಬೇಡಿ, ಒಳಕೋಣೆಯಲ್ಲಿ ತೂಗುಹಾಕಿ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಲಿಪೊ ಬಿಡುವುದಂತೂ ಬೆಂಕಿಗೆ ಆಹ್ವಾನ. ಕೆಲವು ದಿನ ಹಾರಿಸುವುದಿಲ್ಲವಾದರೆ ಪ್ರತಿ ಸೆಲ್ 3.8 ವೋಲ್ಟ್ ಆಸುಪಾಸಿನಲ್ಲಿರಲಿ, ಪೂರ್ತಿ ತುಂಬಿಸಿ ಇಡಬೇಡಿ. ಚಾರ್ಜ್ ಆಗುವಾಗ ಹತ್ತಿರ ಒಬ್ಬರು ಇರಲೇಬೇಕು.

ಬಿದ್ದು ಮುರಿದರೆ?

ಮರದ ವಿಮಾನದ ದೊಡ್ಡ ಗುಣವೇ ಇದು: ತುಂಡುಗಳನ್ನೆಲ್ಲ, ಚೂರನ್ನೂ ಬಿಡದೆ, ಹೆಕ್ಕಿ ತನ್ನಿ. ಮುರಿದ ಅಂಚುಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಪ್ಲಾನ್ ನಿಮ್ಮ ಬಳಿಯೇ ಇದೆ, ಹೊಸ ರಿಬ್ ಕತ್ತರಿಸಿಕೊಳ್ಳಬಹುದು. ಸ್ಪಾರ್ ಮುರಿದಿದ್ದರೆ ಮಾತ್ರ ಎರಡೂ ಬದಿ ಓರೆಯಾಗಿ ಕೊಯ್ದು, ಅಗಲಕ್ಕಿಂತ ಹಲವು ಪಟ್ಟು ಉದ್ದದ ಜೋಡಣೆ ಮಾಡಿ, ಅರಾಲ್ಡೈಟ್ ಹಾಕಿ, ಎರಡೂ ಕಡೆ ತೆಳು ಪ್ಲೈ ತೇಪೆ ಕೊಡಿ.

ಕಬ್ ಆಯಿತು. ನಮ್ಮ ನಾಡಿನ ವಿಮಾನವೊಂದನ್ನು ಕಟ್ಟಬಹುದೇ?

ಖಂಡಿತ, ಈ ಪ್ರಶ್ನೆಗೇ ಕಾಯುತ್ತಿದ್ದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿ 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಇದೆಯಲ್ಲ, ಅದು ಕಬ್ ಕಟ್ಟಿದವರಿಗೆ ಹೇಳಿಮಾಡಿಸಿದ ಮುಂದಿನ ಹೆಜ್ಜೆ. ಅದರದ್ದೂ ಮೇಲಿನ ರೆಕ್ಕೆ, ಬಟ್ಟೆಯ ಹೊದಿಕೆ. ಇಬ್ಬರು ಅಕ್ಕಪಕ್ಕ ಕೂರುತ್ತಿದ್ದರು. 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಹಾರಲು ಕಲಿತದ್ದು ಇದರಲ್ಲಿ. ಅದರ ವಿನ್ಯಾಸಕ್ಕೆ ಆಧಾರ ಅಮೆರಿಕದ ಏರೊಂಕಾ ಚೀಫ್, ಹಾಗಾಗಿ ಚೀಫ್‌ನ ಪ್ಲಾನ್ ಹಿಡಿದು, ಪುಷ್ಪಕ್‌ನ ಫೋಟೊಗಳನ್ನು ಪಕ್ಕದಲ್ಲಿಟ್ಟು ಮೂಗು, ಕಿಟಕಿ, ಬಾಲದ ಗೆರೆಗಳನ್ನು ತಿದ್ದಿಕೊಳ್ಳಬಹುದು. 36 ಅಡಿ ಹರವು ಆರನೇ ಒಂದಕ್ಕೆ ಇಳಿದರೆ 1.83 ಮೀಟರ್, ನಿಮ್ಮ ಹಲಗೆ, ಮೋಟರ್, ಬ್ಯಾಟರಿ ಎಲ್ಲ ಅವೇ ನಡೆಯುತ್ತವೆ.

ಕೆಳರೆಕ್ಕೆಯ ವಿಮಾನ ಬೇಕೆನ್ನುವವರಿಗೆ 1951ರ ಎಚ್‌ಟಿ-2 ಇದೆ, ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ತರಬೇತಿ ವಿಮಾನ. ಅದರ ಮೈ ಲೋಹದ್ದು, ಹಾರಾಟವೂ ಕಬ್‌ಗಿಂತ ಚುರುಕು. ಅದನ್ನು ಪುಷ್ಪಕ್ ಆದ ಮೇಲೆ ಇಟ್ಟುಕೊಳ್ಳಿ.